2005ರ ಸಿಲ್ವರಾಡೊ 5.3: ಹೆಡರ್ಸ್ ಹಾಕಿಸಲಾ, 6.0 ಎಂಜಿನ್ ಕೂರಿಸಲಾ?

ಪ್ಲೇನೋ ಮಂಜ:
ನಮಸ್ಕಾರ. ಡಲ್ಲಾಸ್ ಹತ್ತಿರ ಪ್ಲೇನೋದಲ್ಲಿದ್ದೇನೆ. ಹಳೇ ಷೆವಿ ಸಿಲ್ವರಾಡೊ 1500 ಪಿಕಪ್ ಇದೆ, 5.3 ಲೀಟರ್ ವಿ8, ಟೂ ವೀಲ್ ಡ್ರೈವ್. ರಜೆಯಲ್ಲಿ ದೋಣಿ ಹೇರಿದ ಟ್ರೈಲರ್ ಎಳೆಯುತ್ತೇನೆ. ಏರು ಬಂದರೆ ಸಾಕು, ಏದುಸಿರು ಬಿಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಬಲಗಡೆ ಹಿಂದೆ ಟಿಕ್ ಟಿಕ್ ಸದ್ದು ಬೇರೆ, ಬಿಸಿಯಾದ ಮೇಲೆ ಮಾಯ. ಒಬ್ಬ ಮೆಕ್ಯಾನಿಕ್ ಲಾಂಗ್ ಟ್ಯೂಬ್ ಹೆಡರ್ಸ್ (ಎಂಜಿನ್ನಿನ ಹೊಗೆ ಹೊರಹಾಕುವ ಉದ್ದ ಪೈಪುಗಳು) ಹಾಕ್ಸಿ ಅಂದ, ಇನ್ನೊಬ್ಬ ದೊಡ್ಡ 6.0 ಲೀಟರ್ ಎಂಜಿನ್ನೇ ಕೂರಿಸೋಣ ಅಂದ. ಯಾವುದಕ್ಕೆ ದುಡ್ಡು ಸುರಿಯಲಿ?

ಸ್ಪ್ಯಾನರ್ ರಾಯ:
ಮೊದಲು ಆ ಟಿಕ್ ಟಿಕ್ ನೋಡಿಸಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರ್‌ಗಳ ಹೊಗೆ ಒಟ್ಟುಗೂಡಿಸುವ ಕೊಳವೆ, ಅದರ ಬೋಲ್ಟ್ ಮುರಿದಿರಬೇಕು. ಈ ಎಂಜಿನ್‌ಗಳಲ್ಲಿ ಕೊನೇ ಸಿಲಿಂಡರ್ ಹತ್ತಿರದ ಬೋಲ್ಟಿನ ತಲೆ ಹಾರುವುದು ಮಾಮೂಲು. ಬಿಸಿಗೆ ಮ್ಯಾನಿಫೋಲ್ಡ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತೆ, ಸದ್ದು ನಿಲ್ಲುತ್ತೆ. ಬೋಲ್ಟ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಹಾಗಾಗಿ ಸಿಕ್ಕಸಿಕ್ಕಂತೆ ಡ್ರಿಲ್ ಹಾಕಿಸಬೇಡಿ. ಒಳಗೆ ಉಳಿದ ತುಂಡಿಗೆ ನಟ್ ವೆಲ್ಡ್ ಮಾಡಿ, ಸ್ವಲ್ಪ ಆರಲು ಬಿಟ್ಟು, ಹಿಂದೆ ಮುಂದೆ ಮೆಲ್ಲಗೆ ಆಡಿಸಿದರೆ ಬರುತ್ತೆ. ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನಿಂದ ಹೊರಕ್ಕೆ ಬಿಗಿ ಮಾಡಬೇಕು: ಮೊದಲ ಸುತ್ತು 11, ಎರಡನೇ ಸುತ್ತು 18 ಪೌಂಡ್-ಅಡಿ.

ಹೆಡರ್ಸ್ ಹೇಗೂ ಮ್ಯಾನಿಫೋಲ್ಡ್ ಇದ್ದ ಜಾಗಕ್ಕೇ ಕೂರುವುದು, ಬೋಲ್ಟ್ ಕೀಳದೆ ಅದೂ ಆಗಲ್ಲ. ಶಾರ್ಟಿ (ಗಿಡ್ಡ ಪೈಪಿನ ಹೆಡರ್ಸ್) ಹಾಕಿದರೆ ಶಕ್ತಿ ಹೆಚ್ಚೇನೂ ಏರಲ್ಲ. ಲಾಂಗ್ ಟ್ಯೂಬ್ ಕೆಲಸ ಮಾಡುತ್ತೆ, ಆದರೆ ಲಾಭ ಕಾಣುವುದು ಜಾಸ್ತಿ ಮೇಲಿನ ಆರ್‌ಪಿಎಂನಲ್ಲಿ, ಎಂಜಿನ್ ಜೋರಾಗಿ ಸುತ್ತುವಾಗ. ದೋಣಿ ಎಳೆಯೋರಿಗೆ ಬೇಕಾಗಿದ್ದು ಕೆಳಗಡೆ, ಅಲ್ವಾ?

ಹೊಗೆ_ಬೇಡ:
ಲಾಂಗ್ ಟ್ಯೂಬ್‌ನಲ್ಲಿ ಇನ್ನೊಂದು ತಲೆನೋವು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಿಂದಕ್ಕೆ ಸರಿಯುತ್ತೆ, ಬಿಸಿಯಾಗೋದು ತಡ, P0420 ಅಂತ (ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಕೋಡ್) ಚೆಕ್ ಎಂಜಿನ್ ಲೈಟ್ ಬರಬಹುದು. 2025ರ ಜನವರಿಯಿಂದ ಟೆಕ್ಸಾಸ್‌ನಲ್ಲಿ ಸೇಫ್ಟಿ ಇನ್ಸ್‌ಪೆಕ್ಷನ್ ಹೋಯಿತು, ನಿಜ, ಆದರೆ ನಿಮ್ಮ ಕಾಲಿನ್ ಕೌಂಟಿಯಲ್ಲಿ ಹೊಗೆ ಟೆಸ್ಟ್ ಇನ್ನೂ ಇದೆ. ಲೈಟ್ ಉರಿಯುತ್ತಿದ್ದರೆ ಫೇಲ್. ಕನ್ವರ್ಟರನ್ನೇ ಕಿತ್ತುಹಾಕಿ ಅನ್ನೋರ ಮಾತು ಕೇಳಲೇಬೇಡಿ, ಫೆಡರಲ್ ಕಾನೂನಿಗೇ ವಿರುದ್ಧ.

ಎಲ್‌ಎಸ್ ಹುಚ್ಚ:
6.0 ಕೂರುತ್ತೆ ಸ್ವಾಮಿ, ಅದೇ ಮೌಂಟ್. 6.0ರಲ್ಲಿ ಎರಡು ಬಗೆ: ಆ ಎಂಜಿನ್ ಬಂದ ಗಾಡಿಯ ವಿಐಎನ್‌ನ (ಗಾಡಿಯ ಗುರುತಿನ ನಂಬರ್) 8ನೇ ಅಕ್ಷರ U ಇದ್ದರೆ LQ4, N ಇದ್ದರೆ LQ9. 1999-2000ರ LQ4 ಬೇಡ, ಹೆಡ್ ಕಬ್ಬಿಣದ್ದು. ಆದರೆ ನಿಮ್ಮ 4L60E ಗೇರ್‌ಬಾಕ್ಸ್ ಆ ಟಾರ್ಕಿಗೆ ಎಷ್ಟು ದಿನ ತಾಳುತ್ತೋ! ಆಮೇಲೆ ಅದೂ ಬದಲಿಸಿ, ಟ್ಯೂನ್ ಮಾಡಿಸಿ... ಖರ್ಚು ಬೆಳೀತಾ ಹೋಗುತ್ತೆ. ಅದಕ್ಕೂ ಮೊದಲು ಗ್ಲೋವ್ ಬಾಕ್ಸ್ ಒಳಗಿನ ಸ್ಟಿಕರ್‌ನಲ್ಲಿ GU6, GT4, GT5 ಯಾವುದಿದೆ ನೋಡಿ.

ಪ್ಲೇನೋ ಮಂಜ:
GU6 ಇದೆ. ಏನದು?

ಎಲ್‌ಎಸ್ ಹುಚ್ಚ:
ಹಿಂದಿನ ಆಕ್ಸಲ್ ಗೇರ್ ಅನುಪಾತ 3.42 ಅಂತ (GT4 ಅಂದರೆ 3.73, GT5 ಅಂದರೆ 4.10). ಭಾರ ಎಳೆಯೋಕೆ ಅದು ಸಪ್ಪೆ. 4.10 ಹಾಕಿಸಿದರೆ ಚಕ್ರಕ್ಕೆ ಸಿಗುವ ಟಾರ್ಕ್ ಸುಮಾರು ಶೇ 20 ಜಾಸ್ತಿ. ಯಾವ ಹೆಡರ್ಸೂ ಇಷ್ಟು ಕೊಡಲ್ಲ. ಹೈವೇಯಲ್ಲಿ ಆರ್‌ಪಿಎಂ ಕೂಡ ಅಷ್ಟೇ ಏರುತ್ತೆ, ದಿನಾ ಆಫೀಸಿಗೂ ಇದೇ ಗಾಡಿ ಅಂದರೆ 3.73 ನೋಡಿ. ಸ್ಪೀಡೋಮೀಟರ್ ತಪ್ಪು ತೋರಿಸುತ್ತೆ, ಅದನ್ನೂ ಸರಿ ಮಾಡಿಸಿ.

ಪ್ಲೇನೋ ಮಂಜ:
ಆಫೀಸಿಗೂ ಇದೇ. ಹಾಗಾದರೆ ಬೋಲ್ಟು, ಆಮೇಲೆ 3.73. ಡಲ್ಲಾಸ್ ಕಡೆ ಗೇರ್ ಸೆಟಪ್ ಚೆನ್ನಾಗಿ ಮಾಡೋರು ಯಾರಾದರೂ ಗೊತ್ತಿದ್ದರೆ ಮೆಸೇಜ್ ಹಾಕಿ.