ಜೂನ್‌ನ ಸಾವಯವ ಅವರೆಕಾಯಿಗೆ ಸೊಗಡು ಯಾಕಿಲ್ಲ?

ಪ್ರಶ್ನೆ (ಬಸವನಗುಡಿಯಿಂದ)

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆ ಹತ್ತಿರದ ಸಾವಯವ ಅಂಗಡಿಯಲ್ಲಿ ಅವರೆಕಾಯಿ ತಂದೆ. ಬೆಲೆ ಮಾಮೂಲಿಗಿಂತ ಜಾಸ್ತಿ. ಬಿಡಿಸುವಾಗ ಕೈಗೆ ಜಿಡ್ಡೇ ಅಂಟಲಿಲ್ಲ, ವಾಸನೆಯೂ ಇಲ್ಲ. ಹಿತಕಿದ ಬೇಳೆ ಸಾರು ಮಾಡಿದರೆ ಸಪ್ಪೆ. ಸಾವಯವ ಅಂದರೆ ರುಚಿ ಇರಬೇಕು ಅಲ್ವಾ? ಅಂಗಡಿಯವರು ಸುಳ್ಳು ಹೇಳಿದರಾ? ಬೆಳೆಯುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಮಾಗಡಿ ಕಡೆಯ ರೈತ)

ಅಕ್ಕ, ಅಂಗಡಿಯವರು ಸುಳ್ಳು ಹೇಳಿರಲೇಬೇಕು ಅಂತೇನಿಲ್ಲ. ಸಾವಯವವಾಗಿ ಬೆಳೆದಿದ್ದರೂ ಕಾಲ ತಪ್ಪಿದರೆ ಸೊಗಡು ಬರುವುದಿಲ್ಲ.

ನಮ್ಮ ಹಳೇ ನಾಟಿ ಅವರೆ ಹೂವು ಬಿಡಬೇಕಾದರೆ ಹಗಲು ಚಿಕ್ಕದಾಗಬೇಕು. ಮುಂಗಾರಿನಲ್ಲಿ ರಾಗಿ ಜೊತೆ ಅಕ್ಕಡಿ ಸಾಲಿಗೆ, ಅಂದರೆ ರಾಗಿ ನಡುವೆ ಬಿಡುವ ಮಿಶ್ರ ಬೆಳೆಯ ಸಾಲಿಗೆ ಹಾಕುತ್ತೇವೆ. ಮಳೆಗಾಲ ಪೂರ್ತಿ ಸುಮ್ನೆ ಎಲೆ ಬಿಟ್ಟುಕೊಂಡು ಇರುತ್ತದೆ. ಮಳೆ ಹಿಂದೆ ಸರಿದು ಚಳಿ ಶುರುವಾಗುವ ಹೊತ್ತಿಗೆ ಹೂವು. ರಾಗಿ ಕೊಯ್ದ ಮೇಲೆ ಹೊಲ ಅವರೆಯದ್ದೇ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ. ಬೆಳಗ್ಗೆ ಕಾಯಿ ಕಿತ್ತರೆ ಬೆರಳೆಲ್ಲ ಎಣ್ಣೆ ಎಣ್ಣೆ. ಸೋಪು ಹಾಕಿ ತೊಳೆದರೂ ಊಟಕ್ಕೆ ಕೂತಾಗ ಘಮ್ಮೆನ್ನುತ್ತದೆ.

ನಿಮಗೆ ಸಿಕ್ಕಿದ್ದು ಹೆಬ್ಬಾಳ ಅವರೆ-3 ಅಥವಾ 4ರಂಥ ತಳಿ ಇರಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ಅದಕ್ಕೆ ಹಗಲು ಉದ್ದವಿದ್ದರೂ ಒಂದೇ, ಚಿಕ್ಕದಾದರೂ ಒಂದೇ. ಯಾವಾಗ ಬಿತ್ತಿದರೂ ಮೂರು ತಿಂಗಳ ಆಸುಪಾಸಿಗೆ ಕಾಯಿ. ಆ ತಳಿಯನ್ನು ನಾನು ಬೈಯುವುದಿಲ್ಲ, ನೀರಿರುವ ರೈತರಿಗೆ ಬೇಸಿಗೆಯಲ್ಲೂ ನಾಲ್ಕು ಕಾಸು ಸಿಗುತ್ತಿದೆ. ಸೊಗಡು ಕಡಿಮೆ, ಅಷ್ಟೇ. ಸಗಣಿ, ಗಂಜಲದಿಂದ ಮಾಡುವ ಜೀವಾಮೃತ ಎಷ್ಟು ಕೊಟ್ಟರೂ ನಾಟಿ ಅವರೆಯ ಘಮ ಅದಕ್ಕೆ ಬರುವುದಿಲ್ಲ.

ಉತ್ತರ (ಉಡುಪಿಯಿಂದ)

ನಮ್ಮ ಮಟ್ಟು ಊರಿನ ಬದನೆ, ಮಟ್ಟು ಗುಳ್ಳವೂ ಹೀಗೆಯೇ. ಮಳೆಗಾಲದ ಭತ್ತ ಮುಗಿದ ಮೇಲೆ ಗದ್ದೆಗೆ ಗಿಡ ಬೀಳುತ್ತದೆ. ಹೊಸ ಗುಳ್ಳ ಬರುವಾಗ ವರ್ಷ ಮುಗಿಯುತ್ತಾ ಬಂದಿರುತ್ತದೆ. ಅಲ್ಲಿಯವರೆಗೆ ಕಾಯುವುದೇ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಅಣ್ಣ. ಹಾಗಾದರೆ ಸಾವಯವ ಅಂತ ನಂಬುವುದು ಹೇಗೆ? ಕಾಯಿಯಲ್ಲಿ ಹುಳು ಇದ್ದರೆ ಸಾವಯವ ಅಂತಾರಲ್ಲ, ನಿಜವಾ?

ಉತ್ತರ (ಮಾಗಡಿ ಕಡೆಯ ರೈತ)

ಹುಳು ನೋಡಿ ತೀರ್ಮಾನ ಮಾಡಬೇಡಿ ಅಕ್ಕ. ಔಷಧಿ ಹೊಡೆದ ಹೊಲದಲ್ಲೂ ಕಾಯಿಕೊರಕ ಇರುತ್ತದೆ. ಅವರೆಗೆ ಅದರ ಕಾಟ ವಿಪರೀತ. ಹೂವಿನ ಮೇಲೆ ಪತಂಗ ಮೊಟ್ಟೆ ಇಟ್ಟರೆ ಮರಿಹುಳು ಕಾಯಿ ಕೊರೆದು ಒಳಗೆ ಸೇರುತ್ತದೆ. ಆಮೇಲೆ ಏನು ಹೊಡೆದರೂ ತಗಲುವುದಿಲ್ಲ. ನಾವು ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ, ಹೂವಿನ ಹಂತದಲ್ಲೇ ಸಂಜೆ ಹೊತ್ತು ಹೊಡೆಯುತ್ತೇವೆ. ಹಕ್ಕಿ ಕೂತು ಹುಳು ತಿನ್ನಲಿ ಅಂತ ಅಲ್ಲಲ್ಲಿ ಕವಲು ಕೋಲು ನೆಡುತ್ತೇವೆ. ಆದರೂ ಸ್ವಲ್ಪ ಕಾಯಿ ಹಾಳಾಗಿಯೇ ಆಗುತ್ತದೆ, ಆ ನಷ್ಟ ನಮ್ಮದು.

ನಂಬಿಕೆಗೆ ಪಿಜಿಎಸ್ ಗುರುತು ಕೇಳಿ, ಅಂದರೆ ರೈತರೇ ಒಬ್ಬರಿಗೊಬ್ಬರು ಖಾತ್ರಿ ಕೊಡುವ ಸಾವಯವ ಪ್ರಮಾಣಪತ್ರ. ಕನಿಷ್ಠ 5 ರೈತರ ಗುಂಪು, ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡುತ್ತಾರೆ. ರಾಸಾಯನಿಕ ಬಿಟ್ಟ ಕೂಡಲೇ ಪೂರ್ತಿ ಸಾವಯವ ಅಂತ ಕೊಡುವುದಿಲ್ಲ. ತರಕಾರಿಯಂಥ ಬೆಳೆಗೆ 2 ವರ್ಷ, ಮಾವಿನಂಥ ಮರಕ್ಕೆ 3 ವರ್ಷ. ಅಲ್ಲಿಯವರೆಗೆ 'ಪಿಜಿಎಸ್ ಗ್ರೀನ್'. ರೈತ ಸೋಲುವುದು ಈ ಗ್ರೀನ್ ಕಾಲದಲ್ಲೇ. ಇಳುವರಿ ಇಳಿದಿರುತ್ತದೆ, ಸಾವಯವದ ಬೆಲೆ ಸಿಗುವುದಿಲ್ಲ. ಮಂಡಿಯಲ್ಲಂತೂ ಎಲ್ಲದರ ಜೊತೆ ಒಂದೇ ರಾಶಿ. ಎಷ್ಟೋ ಜನ ಅಲ್ಲೇ ಕೈಬಿಟ್ಟು ವಾಪಸ್ ಯೂರಿಯಾಕ್ಕೆ ಹೋಗುತ್ತಾರೆ. ಆದ್ದರಿಂದ ಗ್ರೀನ್ ಚೀಟಿ ಕಂಡರೆ ಬೇಡ ಅನ್ನಬೇಡಿ ಅಕ್ಕ, ಮೊದಲು ಅವರ ಹತ್ತಿರ ಕೊಳ್ಳಿ.

ಈಗ ಜೂನ್. ದೊಡ್ಡಬಳ್ಳಾಪುರ ಕಡೆಯ ತೂಬುಗೆರೆ ಹಲಸು ಬರುತ್ತಿದೆ, ನೇರಳೆಯೂ ಶುರು. ಹೊಲದ ಬದುವಿನ ಹಲಸಿನ ಮರಕ್ಕೆ ಔಷಧಿ ಹೊಡೆಯುವವರು ಕಡಿಮೆ. ಈ ತಿಂಗಳು ಅದನ್ನು ತನ್ನಿ.