ಮಾನ್‌ಸ್ಟರ್ ಹಂಟರ್ ಆದಮೇಲೆ ಯಾವ ಬೇಟೆ ಆಟ?

ಕ್ಯಾಪ್‌ಕಾಮ್‌ನ ಮಾನ್‌ಸ್ಟರ್ ಹಂಟರ್ ವರ್ಲ್ಡ್, ರೈಸ್ ಎರಡನ್ನೂ ಆಡಿ ಮುಗಿಸಿದ್ದೇನೆ. ದೈತ್ಯ ಮೃಗಗಳನ್ನು ಬೇಟೆಯಾಡುವ ವಿಡಿಯೋ ಗೇಮ್ ಇವು. ಬೇರೆ ಸ್ಟುಡಿಯೋಗಳು ಮಾಡಿದ ಇದೇ ಥರದ ಆಟಗಳು ನಿಜಕ್ಕೂ ಚೆನ್ನಾಗಿವೆಯಾ, ಇಲ್ಲ ಬರೀ ನಕಲಾ? ನಾನು ಹೆಚ್ಚಾಗಿ ಒಬ್ಬನೇ ಆಡುವವನು. ಆಡಿದವರು ಅನುಭವ ಹೇಳಿ.

ಉತ್ತರ 1

ಚೆನ್ನಾಗಿವೆ, ಧೈರ್ಯವಾಗಿ ಆಡಿ. ನನ್ನ ಓಟು ವೈಲ್ಡ್ ಹಾರ್ಟ್ಸ್‌ಗೆ. ಒಮೆಗಾ ಫೋರ್ಸ್ ಸ್ಟುಡಿಯೋ ಮಾಡಿದ್ದು, 2023ರಲ್ಲಿ ಇಎ ಕಂಪನಿ ಹೊರತಂದಿದ್ದು. ಇದರಲ್ಲಿ ಕರಕುರಿ ಅಂತ ಒಂದು ವಿದ್ಯೆ ಇದೆ. ಕಾದಾಟದ ನಡುವೆಯೇ ಏನಾದರೂ ಕಟ್ಟುವುದು. ಕಿಂಗ್‌ಟಸ್ಕ್ ಅನ್ನುವ ದೈತ್ಯ ಕಾಡುಹಂದಿ ಮೇಲೆ ನುಗ್ಗಿ ಬರುತ್ತದೆ ಅಂದುಕೊಳ್ಳಿ. ಓಡಬೇಡಿ. ಅಲ್ಲೇ ನಿಂತು ಪಟಪಟನೆ ಆರು ಪೆಟ್ಟಿಗೆ ಜೋಡಿಸಿದರೆ ಎಲ್ಲ ಸೇರಿ ಒಂದು ಗೋಡೆಯಾಗುತ್ತದೆ. ಹಂದಿ ಅದಕ್ಕೆ ಡಿಕ್ಕಿ ಹೊಡೆದು ಮಗುಚಿ ಬೀಳುತ್ತದೆ. ಈ ಖುಷಿ ನನಗೆ ಮಾನ್‌ಸ್ಟರ್ ಹಂಟರ್‌ನಲ್ಲಿ ಸಿಕ್ಕಿಲ್ಲ. ಅದೇ ಪೆಟ್ಟಿಗೆ ಹತ್ತಿ ಮೇಲಿಂದ ಹಾರಿ ಹೊಡೆಯಲೂಬಹುದು.

ಕೊರತೆಯೂ ಇದೆ. ಮೃಗಗಳ ಬಗೆ ಕಡಿಮೆ. ಮುಂದೆ ಹೋದಂತೆ ಅವೇ ರೂಪ ಬದಲಿಸಿಕೊಂಡು ಬರುತ್ತವೆ. ಆದರೆ ನ್ಯಾಯವಾಗಿ ನೋಡಬೇಕು ಅಲ್ವಾ? ಮಾನ್‌ಸ್ಟರ್ ಹಂಟರ್ ಶುರುವಾಗಿದ್ದು 2004ರಲ್ಲಿ. ಅದರ 14 ಬಗೆಯ ಆಯುಧಗಳು ಒಂದೇ ಸಲಕ್ಕೆ ಬಂದಿದ್ದಲ್ಲ, ಆಟದಿಂದ ಆಟಕ್ಕೆ ಸೇರುತ್ತ ಬಂದವು. ಒಮೆಗಾ ಫೋರ್ಸ್ ಕೂಡ 2013ರಲ್ಲೇ ಟೋಕಿಡೆನ್ ಅನ್ನುವ ಬೇಟೆ ಆಟ ಮಾಡಿತ್ತು. ಅಲ್ಲಿ ಪಳಗಿದ ಕೈ ಇಲ್ಲಿ ಕಾಣುತ್ತದೆ. ಬೇರೆಯವರೂ ಒಳ್ಳೆ ಬೇಟೆ ಆಟ ಮಾಡಬಲ್ಲರು, ಎರಡು ಮೂರು ಸಲ ಮಾಡುವಷ್ಟು ತಾಳ್ಮೆ ಕಂಪನಿಗೆ ಇರಬೇಕು ಅಷ್ಟೇ.

ಉತ್ತರ 2

ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ಒಬ್ಬರೇ ಆಡುವುದಾದರೆ ಬಂದೈ ನಾಮ್ಕೋದ ಗಾಡ್ ಈಟರ್ ಮೊದಲು ನೋಡಿ. ಜೊತೆಗೆ ಬರುವ ಕಂಪ್ಯೂಟರ್ ಸಂಗಾತಿಗಳು ನಿಜಕ್ಕೂ ಕೆಲಸಕ್ಕೆ ಬರುತ್ತಾರೆ. ನೀವು ಬಿದ್ದರೆ ಓಡಿಬಂದು ಎಬ್ಬಿಸುತ್ತಾರೆ. ಕೈಯಲ್ಲಿರುವುದು ಒಂದೇ ಆಯುಧ. ಅದೇ ಕತ್ತಿ, ಅದೇ ಬಂದೂಕು. ಬೇಕೆಂದಾಗ ಬಾಯಿ ತೆರೆದು ಎದುರಿಗಿರುವ ರಾಕ್ಷಸನನ್ನೇ ಕಚ್ಚುತ್ತದೆ. ಕಚ್ಚಿದರೆ ಸ್ವಲ್ಪ ಹೊತ್ತು ನಿಮ್ಮ ಬಲ ಏರುತ್ತದೆ. ಹಾಗಾಗಿ ಅಪಾಯ ಅಂತ ಗೊತ್ತಿದ್ದರೂ ಮತ್ತೆ ಮತ್ತೆ ಹತ್ತಿರ ಹೋಗುವ ಆಸೆ. ಗುಂಡು ಎಲ್ಲಿ ತಿರುಗಬೇಕು, ಎಲ್ಲಿ ಸಿಡಿಯಬೇಕು ಅಂತ ನೀವೇ ರೂಪಿಸಬಹುದು. ನನ್ನ ಎಷ್ಟೋ ಸಂಜೆಗಳು ಇದಕ್ಕೇ ಹೋಗಿವೆ! ಮೊದಲಿಗೆ ಸೋನಿಯ ಕೈಯಲ್ಲಿ ಹಿಡಿದು ಆಡುವ ಸಾಧನ ಪಿಎಸ್‌ಪಿಗೆ ಮಾಡಿದ ಆಟ, ಹಾಗಾಗಿ ಜಾಗಗಳು ಚಿಕ್ಕವು. ಈ ಸರಣಿಯ ಗಾಡ್ ಈಟರ್ ರಿಸರೆಕ್ಷನ್‌ನಿಂದ ಶುರು ಮಾಡಿ, ಕತೆ ಮೊದಲಿನಿಂದ ಸಿಗುತ್ತದೆ.

ಉತ್ತರ 3

ಒಂದು ವಿಷಯದಲ್ಲಿ ಕ್ಯಾಪ್‌ಕಾಮ್‌ಗೆ ಸಾಟಿ ನನಗಿನ್ನೂ ಸಿಕ್ಕಿಲ್ಲ. ಅಲ್ಲಿ ಮೃಗಕ್ಕೆ ಎಷ್ಟು ಜೀವ ಉಳಿದಿದೆ ಅಂತ ಪರದೆ ಮೇಲೆ ತೋರಿಸುವ ಗೆರೆ ಇಲ್ಲ. ದಣಿದರೆ ಜೊಲ್ಲು ಸುರಿಸುತ್ತದೆ. ಸೋಲುವ ಹಂತಕ್ಕೆ ಬಂದರೆ ಕುಂಟುತ್ತ ಗೂಡಿಗೆ ಹೋಗಿ ಮಲಗುತ್ತದೆ. ಅದರ ಮೈ ನೋಡಿಯೇ ನಾವು ತಿಳಿಯಬೇಕು. ಬೇರೆ ಆಟಗಳಲ್ಲಿ ಇದನ್ನೇ ಹುಡುಕಿದರೆ ಬೇಜಾರಾಗುತ್ತದೆ.

ಇನ್ನೊಂದು ಮಾತು. ಫೀನಿಕ್ಸ್ ಲ್ಯಾಬ್ಸ್‌ನ ಡಾಂಟ್‌ಲೆಸ್ 2019ರಲ್ಲಿ ಬಂದಾಗ ಉಚಿತ, ಬೇರೆ ಬೇರೆ ಕನ್ಸೋಲ್‌ನವರೂ ಒಟ್ಟಿಗೆ ಆಡಬಹುದಿತ್ತು. ನೆಟ್ ಇಲ್ಲದೆ ಆಡಲಾಗದ ಆಟ ಅದು, 2025ರ ಮೇನಲ್ಲಿ ಕಂಪನಿಯ ಸರ್ವರ್ ನಿಂತಿತು. ಜನ ವರ್ಷಗಟ್ಟಲೆ ಕೂಡಿಸಿದ ಕವಚ, ಆಯುಧ ಎಲ್ಲ ಅಲ್ಲಿಗೆ ಮುಗಿಯಿತು. ಹಾಗಾಗಿ ಕೊಳ್ಳುವ ಮುಂಚೆ ನೆಟ್ ಇಲ್ಲದೆಯೂ ಆಟ ನಡೆಯುತ್ತಾ ಅಂತ ನೋಡಿಕೊಳ್ಳಿ. ಫ್ರೀಡಂ ವಾರ್ಸ್ ನಡೆಯುತ್ತದೆ. 2014ರಲ್ಲಿ ಸೋನಿಯ ಕೈಸಾಧನ ವೀಟಾಗೆ ಬಂದಿದ್ದ ಆಟ, 2025ರ ಜನವರಿಯಲ್ಲಿ ರೀಮಾಸ್ಟರ್ ಆಗಿ, ಅಂದರೆ ಹೊಸದಾಗಿ ತಿದ್ದಿದ ರೂಪದಲ್ಲಿ, ಪಿಸಿಗೂ ಬಂದಿದೆ.