ಕುಸುಬೆಯ ಮೇಲಿನ ಗುಲಗಂಜಿ ಹುಳು, ಬದನೆಯ ಮೇಲಿನ ಗುಲಗಂಜಿ ಹುಳು: ಚಿತ್ರ ನೋಡಿ ಗುರುತಿಸುವುದು ಹೇಗೆ?

ಪ್ರಶ್ನೆ (ಸಿಂದಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಹಿಂಗಾರಿ ಕುಸುಬೆಗೆ ಈ ಸಲ ಹೇನಿನ (ಗಿಡದ ರಸ ಹೀರುವ ಸಸ್ಯಹೇನಿನ) ಕಾಟ ಹೆಚ್ಚಾಗಿದ್ದು, ಹೇನು ಮುತ್ತಿದ ಕುಡಿಗಳ ಮೇಲೆ ಗುಲಗಂಜಿ ಹುಳುಗಳೂ ಓಡಾಡುತ್ತಿವೆ. ಅಲ್ಲಿ ತೆಗೆದ ಎರಡು ಚಿತ್ರಗಳನ್ನೂ, ಬಾವಿಯ ಪಕ್ಕದ ಬದನೆ ಮಡಿಯಲ್ಲಿ ತೆಗೆದ ಮೂರನೆಯ ಚಿತ್ರವನ್ನೂ ಹಾಕಿದ್ದೇನೆ. ಚುಕ್ಕೆ ಎಣಿಸಿದರೆ ಜಾತಿ ತಿಳಿಯುತ್ತದೆ ಎನ್ನುತ್ತಾರೆ. ಆದರೆ ಮೊದಲೆರಡರಲ್ಲಿ ಚುಕ್ಕೆಗಳು ಕೂಡಿಕೊಂಡು ಗೆರೆಗಳಾಗಿರುವುದರಿಂದ ಎಣಿಕೆಯೇ ಸಿಗುತ್ತಿಲ್ಲ. ಇವು ಒಂದೇ ಜಾತಿಯವೋ, ಬೇರೆ ಬೇರೆಯೋ? ಬದನೆಗೆ ಔಷಧ ಹೊಡೆಯೋಣವೆಂದು ಮನೆಯವರು ಹೇಳುತ್ತಿದ್ದಾರೆ. ಉಪಕಾರಿ ಹುಳುಗಳನ್ನು ಕೊಂದಂತಾಗಬಾರದೆಂಬುದು ನನ್ನ ಕಾಳಜಿ.

ಉತ್ತರ (ಮುಧೋಳ)

ಮೂರೂ ಬೇರೆ ಬೇರೆ ಜಾತಿಯವು. ಚುಕ್ಕೆಗಳ ಎಣಿಕೆಯನ್ನು ದಯವಿಟ್ಟು ಬದಿಗಿಡಿ. ಒಂದೇ ಜಾತಿಯ ಹುಳುಗಳಲ್ಲಿಯೂ ಅದು ಏರುಪೇರಾಗುತ್ತದೆ. ಮೊದಲು ಮುಖವನ್ನು ನೋಡಬೇಕು. ನಿಮ್ಮ ಒಂದನೆಯ ಚಿತ್ರದ ಹುಳುವಿನ ಮುಖ ಹಳದಿಯಾಗಿದೆ, ಬೆನ್ನಿನ ಮೇಲೆ ಅಡ್ಡಡ್ಡವಾಗಿ ಅಂಕುಡೊಂಕಾದ ಕಪ್ಪು ಗೆರೆಗಳಿವೆ. ಇದು ಚೈಲೋಮಿನಿಸ್ ಸೆಕ್ಸ್‌ಮ್ಯಾಕ್ಯುಲೇಟ. ಎರಡನೆಯದರ ಮುಖ ಕಪ್ಪು, ಕಣ್ಣುಗಳ ಪಕ್ಕದಲ್ಲಿ ಮಾತ್ರ ಎರಡು ಸಣ್ಣ ತಿಳಿ ಬಣ್ಣದ ಬೊಟ್ಟುಗಳಿವೆ, ತಲೆಯ ಹಿಂದಿನ ಕಪ್ಪು ಕವಚದ ಮುಂದಿನ ಎರಡು ಮೂಲೆಗಳಲ್ಲಿಯೂ ತಿಳಿ ಬಣ್ಣದ ಮಚ್ಚೆಗಳಿವೆ. ಇದು ಕಾಕ್ಸಿನೆಲ್ಲ ಟ್ರಾನ್ಸ್‌ವರ್ಸಾಲಿಸ್. ಎರಡೂ ಹೇನು ತಿನ್ನುವ ಜಾತಿಗಳು, ಅವುಗಳ ಮರಿಗಳೂ ಹೇನನ್ನೇ ತಿನ್ನುತ್ತವೆ.

ಮೂರನೆಯದನ್ನು ಗುರುತಿಸಲು ಗೆರೆ, ಚುಕ್ಕೆ ಯಾವುದೂ ಬೇಕಿಲ್ಲ. ಮೊದಲೆರಡರ ಬೆನ್ನಿನ ಮೇಲೆ ಬಿಸಿಲು ಬಿದ್ದಲ್ಲಿ ಬಿಳಿ ಹೊಳಪು ಕಾಣುತ್ತದೆ. ಮೂರನೆಯದರ ಬೆನ್ನು ಮಾಸಲಾಗಿದೆ, ಚಿತ್ರವನ್ನು ಹಿಗ್ಗಿಸಿದರೆ ಮೈತುಂಬ ನವಿರಾದ ಕೂದಲು ಕಾಣುತ್ತದೆ. ಇದು ಎಲೆ ತಿನ್ನುವ ಹೆನೊಸೆಪಿಲಾಕ್ನ, ಬದನೆಯ ಪೀಡೆ. ಇದಕ್ಕೆ 28 ಚುಕ್ಕೆಯ ಹುಳು ಎಂಬ ಹೆಸರಿದ್ದರೂ ಅಷ್ಟು ಚುಕ್ಕೆಗಳಿಲ್ಲದ ಹುಳುಗಳೂ ಸಿಗುತ್ತವೆ.

ಉತ್ತರ (ಗೋಕಾಕ)

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಬದನೆಯ ಹುಳುವಿನ ಕುಲದಲ್ಲಿ, ಎಂದರೆ ಹೆನೊಸೆಪಿಲಾಕ್ನ ಎಂಬ ಹತ್ತಿರದ ಜಾತಿಗಳ ಗುಂಪಿನಲ್ಲಿ, ಒಂದಕ್ಕೊಂದು ತೀರಾ ಹೋಲುವ ಜಾತಿಗಳಿರುವುದರಿಂದ, ಮೇಲಿನಿಂದ ತೆಗೆದ ಒಂದೇ ಚಿತ್ರವನ್ನು ನೋಡಿ ಕುಲದ ಹೆಸರಿಗಿಂತ ಮುಂದೆ ಹೋಗಬಾರದು. ಅಂಥಲ್ಲಿ ಗಂಡು ಹುಳುವಿನ ಒಳ ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಜಾತಿಯನ್ನು ನಿರ್ಧರಿಸುತ್ತಾರೆ. ರೈತರಿಗೆ ಕುಲ ತಿಳಿದರೆ ಸಾಕು. ಇನ್ನೊಂದು ಎಚ್ಚರಿಕೆ: ಮರಿ ಹುಳುವಾಗಿ ಮಾರ್ಪಡುವ ಕೋಶದಿಂದ ಆಗತಾನೇ ಹೊರಬಂದ ಹುಳು ಮಂಕು ಹಳದಿಯಾಗಿದ್ದು, ಅದರ ಬೆನ್ನಿನ ಮೇಲೆ ಗುರುತುಗಳು ಇನ್ನೂ ಮೂಡಿರುವುದಿಲ್ಲ. ಅಂಥದ್ದು ಕಂಡರೆ ಕೆಲವು ಗಂಟೆ ಬಿಟ್ಟು ಮತ್ತೆ ಚಿತ್ರ ತೆಗೆಯಿರಿ.

ಚಿತ್ರ ತೆಗೆಯುವಾಗ ಮೊಬೈಲಿನ ಫ್ಲ್ಯಾಶ್ ಬೇಡ, ಹೊಳೆಯುವ ಬೆನ್ನಿನ ಗುರುತುಗಳೆಲ್ಲ ಅದರ ಬೆಳಕಿನಲ್ಲಿ ಅಳಿಸಿಹೋಗುತ್ತವೆ. ಕೈಯಿಂದ ನೆರಳು ಮಾಡಿ ಮೇಲಿನಿಂದ ಒಂದು, ಎದುರಿನಿಂದ ಒಂದು ಚಿತ್ರ ತೆಗೆದು, ಬೆಳೆಯ ಹೆಸರನ್ನು ತಪ್ಪದೆ ಬರೆಯಿರಿ.

ಪ್ರಶ್ನೆ ಕೇಳಿದವರು (ಸಿಂದಗಿ)

ಇಬ್ಬರಿಗೂ ಧನ್ಯವಾದಗಳು. ಬದನೆ ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳ ಗುಂಪುಗಳೂ ಇವೆ. ಅವನ್ನು ಹೊಸಕಿ ಹಾಕಬಹುದೇ?

ಉತ್ತರ (ಮುಧೋಳ)

ಈಗಲೇ ಬೇಡ. ಬದನೆಯಲ್ಲಿಯೂ ಹೇನಿದ್ದರೆ ಉಪಕಾರಿ ಹುಳುಗಳೂ ಅಲ್ಲಿ ಮೊಟ್ಟೆಯಿಡುತ್ತವೆ, ಎರಡರ ಮೊಟ್ಟೆಗಳೂ ಹಳದಿ, ಗುಂಪಾಗಿ ನೆಟ್ಟಗೆ ನಿಂತಿರುತ್ತವೆ. ಮೊಟ್ಟೆಯಿರುವ ಒಂದೆರಡು ಎಲೆಗಳನ್ನು ಡಬ್ಬಿಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮೈಮೇಲೆ ಕವಲೊಡೆದ ಮುಳ್ಳುಗಳಿರುವ, ನಿಧಾನವಾಗಿ ಚಲಿಸುವ ಹಳದಿ ಮರಿಗಳಾದರೆ ಅವು ಪೀಡೆ. ಕಪ್ಪು ಮೈಯ, ಚುರುಕಾಗಿ ಓಡುವ ಮರಿಗಳಾದರೆ ಕುಸುಬೆಯ ಹೇನಿನ ಮೇಲೆ ಬಿಡಿ. ಎಲೆಯ ಹಸಿರನ್ನು ಕೆರೆದು ಜಾಲರಿಯಂತೆ ಮಾಡಿರುವ ಗಿಡಗಳಲ್ಲಿ ಮುಳ್ಳಿನ ಮರಿಗಳನ್ನೂ ಮಾಸಲು ಬೆನ್ನಿನ ಹುಳುಗಳನ್ನೂ ಕೈಯಿಂದ ಆರಿಸಿ ಸಾಬೂನಿನ ನೀರಿಗೆ ಹಾಕಿ. ನಿಮ್ಮದು ಸಣ್ಣ ಮಡಿಯಾದ್ದರಿಂದ ಅಷ್ಟೇ ಸಾಕು, ಔಷಧ ಬೇಕಾಗಲಾರದು.